ಸೂಪರ್‌ಮ್ಯಾನ್‌ನಿಂದ ಡಿಂಗನವರೆಗೆ: ಈ ವಾರ ನಮ್ಮ ಮನೆಯ ಕಾಮಿಕ್ಸ್

ಎಲ್ಲರಿಗೂ ನಮಸ್ಕಾರ. ಮಗ ಯಾವಾಗ ನೋಡಿದರೂ ಸೂಪರ್‌ಹೀರೋ ಕಾಮಿಕ್ಸ್ ಹಿಡಿದೇ ಕೂತಿರ್ತಾನೆ, ಕನ್ನಡ ಪುಸ್ತಕ ಕೊಟ್ಟರೆ ಮುಖ ತಿರುಗಿಸ್ತಾನೆ, ಕಾಮಿಕ್ಸ್ ನಿಲ್ಲಿಸಿಬಿಡಲಾ ಅಂತ ಅಕ್ಕ ಒಬ್ಬರು ಇಲ್ಲಿ ಕೇಳಿದ್ದರು. ಅಕ್ಕಾ, ದಯವಿಟ್ಟು ನಿಲ್ಲಿಸಬೇಡಿ. ನಾನು ಚಿಕ್ಕಂದಿನಿಂದ ಕಾಮಿಕ್ಸ್ ಹುಚ್ಚಿನವಳು, ಈಗ ನ್ಯೂಜೆರ್ಸಿಯಲ್ಲಿ ಇಬ್ಬರು ಮಕ್ಕಳ ತಾಯಿ. ರಜೆಗೆ ತುಮಕೂರಿನ ತವರಿಗೆ ಬಂದಿದ್ದೇವೆ. ಈ ವಾರ ನಮಗೆ ತುಂಬಾ ಹಿಡಿಸಿದ್ದು ಯಾವುವು, ಅದರಿಂದ ಮನೆಯಲ್ಲಿ ಏನೇನು ಮಾತು ಬಂತು ಅಂತ ಹೇಳ್ತೀನಿ.

ಮೊದಲು ಮಿಸ್ ಮಾರ್ವೆಲ್. 2014ರಲ್ಲಿ ಶುರುವಾದ ಸರಣಿ. ಮೊದಲ ಸಂಪುಟಕ್ಕೆ 2015ರಲ್ಲಿ ಹ್ಯೂಗೋ ಪ್ರಶಸ್ತಿ (ಸೈನ್ಸ್ ಫಿಕ್ಷನ್, ಫ್ಯಾಂಟಸಿ ಕಥೆಗಳಿಗೆ ಕೊಡುವ ದೊಡ್ಡ ಪ್ರಶಸ್ತಿ) ಬಂತು. ಅದರ ನಾಯಕಿ ಕಮಲಾ ಖಾನ್ ನಮ್ಮ ಪಕ್ಕದ ಜರ್ಸಿ ಸಿಟಿಯ ಹುಡುಗಿ, ಪಾಕಿಸ್ತಾನದಿಂದ ಬಂದ ಮನೆಯವರ ಮಗಳು. ರೂಪ ಬದಲಿಸುವ ಶಕ್ತಿ ಕೈಗೆ ಬಂದ ಕೂಡಲೇ ಅವಳು ಏನಾಗ್ತಾಳೆ ಗೊತ್ತಾ? ಹೊಂಬಣ್ಣದ ಕೂದಲಿನ ಬಿಳಿ ನಾಯಕಿ! ಆ ಪುಟದಲ್ಲಿ ನನ್ನ ಮಗಳು ಸುಮ್ಮನಾದಳು. ಆಮೇಲೆ ತಾನೇ ಬಾಯಿಬಿಟ್ಟು, ಕ್ಲಾಸಿನಲ್ಲಿ ತನ್ನ ಕೂದಲ ಬಗ್ಗೆ ಯಾರು ಏನಂದರು ಅಂತ ಹೇಳಿದಳು. ನಾನು ನೇರವಾಗಿ ಕೇಳಿದ್ದರೆ ಆ ಮಾತು ಖಂಡಿತ ಬರುತ್ತಿರಲಿಲ್ಲ. ಮುಂದಿನ ಸಂಚಿಕೆಗಳಲ್ಲಿ, ರಾತ್ರಿ ಹೊರಗೆ ತಿರುಗುವ ಕಮಲಾಗೆ ಬುದ್ಧಿ ಹೇಳಿಸಲು ಮನೆಯವರು ಮಸೀದಿಯ ಗುರುಗಳ ಹತ್ತಿರ ಕಳಿಸುತ್ತಾರೆ. ಅವರು ಬೈಯುವುದಿಲ್ಲ. ಮಾಡಲೇಬೇಕೆಂದರೆ ಧೈರ್ಯ, ಪ್ರಾಮಾಣಿಕತೆ, ಕರುಣೆ ಇಟ್ಟುಕೊಂಡು ಮಾಡು, ಒಬ್ಬ ಗುರುವನ್ನು ಹುಡುಕಿಕೋ ಅನ್ನುತ್ತಾರೆ. ಹದಿಹರೆಯದ ಮಕ್ಕಳಿರುವ ಅಪ್ಪ ಅಮ್ಮಂದಿರು ಓದಲೇಬೇಕಾದ ಪುಟಗಳು ಅವು.

ನನ್ನ ಮನಸ್ಸಿಗೆ ತೀರಾ ತಟ್ಟಿದ್ದು ಮಾತ್ರ ಆಬ್ಸಲ್ಯೂಟ್ ಸೂಪರ್‌ಮ್ಯಾನ್. 1938ರಲ್ಲಿ ಮೊದಲು ಅಚ್ಚಾದ ಸೂಪರ್‌ಮ್ಯಾನನ್ನು ಹುಟ್ಟುಹಾಕಿದ ಜೆರ್ರಿ ಸೀಗಲ್, ಜೋ ಶುಸ್ಟರ್ ಇಬ್ಬರೂ ವಲಸೆ ಬಂದ ಯಹೂದಿ ಮನೆಗಳ ಹುಡುಗರು. ಅವರ ನಾಯಕ ಕೂಸಾಗಿದ್ದಾಗಲೇ ಭೂಮಿಗೆ ಬಂದವನು, ಅವನಿಗೆ ಹುಟ್ಟೂರಿನ ನೆನಪೇ ಇಲ್ಲ. 2024ರಲ್ಲಿ ಜೇಸನ್ ಆರನ್ ಬರೆಯತೊಡಗಿದ ಈ ಹೊಸ ಕಥೆಯಲ್ಲಿ ಹುಡುಗ ಸ್ವಲ್ಪ ದೊಡ್ಡವನಾದ ಮೇಲೆ ಬರುತ್ತಾನೆ. ಅಪ್ಪ ಅಮ್ಮ ಅವನು ಹುಟ್ಟಿದ ಗ್ರಹ ಕ್ರಿಪ್ಟಾನಿನಲ್ಲಿ ಮೈಮುರಿದು ದುಡಿಯುತ್ತಿದ್ದವರು. ಆ ಮನೆ, ಆ ಊರು, ಅದು ನಾಶವಾದದ್ದು ಎಲ್ಲವೂ ಅವನಿಗೆ ನೆನಪಿದೆ. ನನ್ನ ಮಗಳು ಅಮೆರಿಕದಲ್ಲೇ ಹುಟ್ಟಿದವಳು. ಮಗ ತುಮಕೂರಿನಲ್ಲಿ ಎರಡನೇ ಕ್ಲಾಸ್ ಮುಗಿಸಿ ಬಂದವನು. "ಇವನಿಗೆ ಎಲ್ಲಾ ನೆನಪಿದೆಯಲ್ಲಮ್ಮ, ಅದಕ್ಕೇ ಇವನಿಗೆ ಜಾಸ್ತಿ ಕಷ್ಟ" ಅಂದ. ಅಲ್ಲಿಗೆ ಹೋದ ಹೊಸದರಲ್ಲಿ ಅಮಾನಿಕೆರೆಯ ಏರಿ, ಸ್ಕೂಲ್ ವ್ಯಾನಿನ ಗೆಳೆಯರು ಎಲ್ಲಾ ಕನಸಲ್ಲಿ ಬರ್ತಿದ್ದರಂತೆ. ನಾವು ಹೊಸ ಕೆಲಸ, ಬಾಡಿಗೆ ಮನೆ, ವೀಸಾ ಅಂತ ಓಡಾಡುತ್ತಿದ್ದ ಕಾಲ ಅದು. ಒಂದೇ ಮನೆಯಲ್ಲಿ ಬೆಳೆಯುವ ಅಣ್ಣ ತಂಗಿಗೂ ವಲಸೆ ಒಂದೇ ಥರ ಇರುವುದಿಲ್ಲ. ಊರು ಬಿಟ್ಟು ಬಂದ ಮಗುವಿಗೆ ದುಃಖಪಡಲು ಸಮಯ ಕೊಡಬೇಕು, ಊರೇ ನೋಡದ ಮಗುವಿಗೆ ಊರಿನ ಪರಿಚಯ ಮಾಡಿಸಬೇಕು.

ಹೊಸ ಅಲ್ಟಿಮೇಟ್ ಸ್ಪೈಡರ್‌ಮ್ಯಾನ್ ಕೂಡ ಚೆನ್ನಾಗಿದೆ. ಅದರಲ್ಲಿ ನಾಯಕ ಪೀಟರ್‌ಗೆ ಮದುವೆಯಾಗಿ ಎರಡು ಮಕ್ಕಳಾದ ಮೇಲೆ ಶಕ್ತಿ ಬರುತ್ತದೆ. ಅಪ್ಪಂದಿರಿಗೆ ಇಷ್ಟವಾಗುತ್ತೆ, ಓದಲು ಕೊಡಿ.

ಇನ್ನು ಕನ್ನಡದ ಮಾತು. ನಮ್ಮ ಅಪ್ಪ ಇಂಗ್ಲಿಷ್ ಕಾಮಿಕ್ಸ್ ಓದುವವರಲ್ಲ. ಹಾಗಾಗಿ ಮಕ್ಕಳೇ ಚಿತ್ರ ತೋರಿಸಿಕೊಂಡು ತಾತನಿಗೆ ಕಥೆ ಹೇಳಬೇಕು, ಅದೂ ಕನ್ನಡದಲ್ಲೇ. ಇದಕ್ಕಿಂತ ಒಳ್ಳೆ ಪಾಠ ನಾನು ಬೇರೆಲ್ಲೂ ನೋಡಿಲ್ಲ. ಒಂದು ಪುಟದ ಜೆರಾಕ್ಸ್ ತೆಗೆಸಿ, ಮಾತಿನ ಗುಳ್ಳೆಗಳ ಮೇಲೆ ಕಾಗದದ ಚೀಟಿ ಅಂಟಿಸಿ, ತಾತ ಮೊಮ್ಮಕ್ಕಳು ಸೇರಿ ಕನ್ನಡದಲ್ಲಿ ತುಂಬಿಸಿದರು. ಗುಳ್ಳೆಯೊಳಗೆ ಹಿಡಿಸುವುದು ನಾಲ್ಕೈದು ಪದ, ಎಲ್ಲಾ ಆಡುಮಾತು. ಪಠ್ಯಪುಸ್ತಕದ ಉದ್ದ ವಾಕ್ಯಕ್ಕೆ ಹೆದರುವ ಮಗು ಇದನ್ನು ಸಲೀಸಾಗಿ ಓದುತ್ತೆ. ಭಾನುವಾರ ದೇವರಾಯನದುರ್ಗಕ್ಕೆ ಹೋಗುವಾಗ ನಾಮದ ಚಿಲುಮೆಯಲ್ಲಿ ಇಳಿದೆವು. ನಾಮ ತೇಯಲು ನೀರಿಲ್ಲದೆ ರಾಮ ಬಂಡೆಗೆ ಬಾಣ ಬಿಟ್ಟು ನೀರು ಚಿಮ್ಮಿಸಿದ ಕಥೆಯನ್ನು ಅಜ್ಜಿ ಹೇಳಿದರು. ಮನೆಗೆ ಬಂದು ಮಗಳು ಅದನ್ನೇ ಆರು ಚೌಕದ ಕಾಮಿಕ್ ಮಾಡಿ, ಬಾಣ ತಗುಲಿದ ಕಡೆ "ಫಟಾರ್" ಅಂತ ದಪ್ಪಕ್ಷರದಲ್ಲಿ ಬರೆದಿದ್ದಾಳೆ.

ಅಟ್ಟದಲ್ಲಿ ನಾನು ಚಿಕ್ಕಂದಿನಲ್ಲಿ ಓದುತ್ತಿದ್ದ ಮಕ್ಕಳ ಪತ್ರಿಕೆ ಬಾಲಮಂಗಳದ ಕಟ್ಟೂ ಸಿಕ್ಕಿತು. ಡಿಂಗ ನೆನಪಿದ್ದಾನಾ? ಅನ್ಯಗ್ರಹದವರು ಹೊತ್ತೊಯ್ದು ಪ್ರಯೋಗ ಮಾಡಿದ ಮೇಲೆ ಮಹಾಶಕ್ತಿ ಪಡೆದ ಇಲಿ. ಕೇರಳದಲ್ಲಿ 1983ರಲ್ಲಿ ಡಿಂಕನ್ ಆಗಿ ಹುಟ್ಟಿ, ನಮಗೆ ಡಿಂಗನಾದ. ಅಪ್ಪಟ ಸೈನ್ಸ್ ಫಿಕ್ಷನ್ ಸೂಪರ್‌ಹೀರೋ! ಮಗ ಅಕ್ಷರ ಕೂಡಿಸಿಕೊಂಡು ತಾನೇ ಒಂದು ಇಡೀ ಕಥೆ ಓದಿದ, ಯಾರೂ ಒತ್ತಾಯ ಮಾಡಲಿಲ್ಲ.

ಒಂದು ಎಚ್ಚರಿಕೆ: ಚಿತ್ರಕಥೆ ಅಂದಮಾತ್ರಕ್ಕೆ ಎಲ್ಲವೂ ಮಕ್ಕಳದ್ದಲ್ಲ. ಸಾಗಾ ಎಂಬ ಸರಣಿ ನನಗೆ ಪ್ರಾಣ, 2013ರಲ್ಲಿ ಅದಕ್ಕೂ ಹ್ಯೂಗೋ ಬಂದಿದೆ, ಆದರೆ ಅದು ದೊಡ್ಡವರಿಗೆ ಮಾತ್ರ. ವಯಸ್ಸಿನ ಗುರುತು ನೋಡಿ, ಸಾಧ್ಯವಾದರೆ ನೀವೇ ಮೊದಲು ಓದಿ ಕೊಡಿ. ಅಮೆರಿಕದಲ್ಲಿ ಹೊಸ ಸಂಚಿಕೆಗಳು ಬುಧವಾರ ಅಂಗಡಿಗೆ ಬರುತ್ತವೆ, ಒಂದೊಂದಕ್ಕೆ ನಾಲ್ಕೈದು ಡಾಲರ್. ಸಂಪುಟಗಳು ಪಬ್ಲಿಕ್ ಲೈಬ್ರರಿಯಲ್ಲಿ ಪುಕ್ಕಟೆ ಸಿಗುತ್ತವೆ, ಕೊಳ್ಳಲೇಬೇಕು ಅಂತಿಲ್ಲ.

ಬಾಲಮಂಗಳದ ಕಟ್ಟನ್ನು ಸೂಟ್‌ಕೇಸಿನಲ್ಲಿ ತರುತ್ತಿದ್ದೇನೆ. ನ್ಯೂಜೆರ್ಸಿಯವರು ಮನೆಗೆ ಬನ್ನಿ, ಮಕ್ಕಳು ಕೂತು ಓದಲಿ. ನಿಮ್ಮ ಊರಿನ ಮನೆಗಳಲ್ಲೂ ಹಳೆಯ ಬಾಲಮಂಗಳ, ಇಂದ್ರಜಾಲ ಕಾಮಿಕ್ಸ್ ಇರಬಹುದು. ಇವತ್ತೇ ಫೋನ್ ಮಾಡಿ, ರದ್ದಿಗೆ ಹಾಕಬೇಡಿ ಅಂತ ಹೇಳಿ.