ವಿಷಯ: ಕಲ್ಲಿನ ಮೇಲೆ ‘ಗುಲಾಮರು’ ಎಂದು ಕೆತ್ತಿಸಬಹುದೇ? (ಸೋಮವಾರದೊಳಗೆ ಬೇಕು)

ಸು.ನಾ., ಯಲ್ಲಾಪುರ
ಎಲ್ಲರಿಗೂ ನಮಸ್ಕಾರ. ಆಫ್ರಿಕಾ ಮೂಲದ ಸಿದ್ದಿಗಳ ಪೂರ್ವಿಕರ ನೆನಪಿಗೆ ಇಲ್ಲಿ ಕರಿಕಲ್ಲಿನ ಫಲಕವೊಂದನ್ನು ನಿಲ್ಲಿಸುವುದಿದೆ. ಮೂಲ ಬರಹ ಇಂಗ್ಲಿಷಿನದು. ಅದರಲ್ಲಿ ‘ಸ್ಲೇವ್ಸ್’ ಎಂದಿಲ್ಲ, ‘ಎನ್‌ಸ್ಲೇವ್ಡ್ ಪೀಪಲ್’ ಎಂದಿದೆ. ಅವರು ಹುಟ್ಟಾ ಗುಲಾಮರಲ್ಲ, ಇನ್ನೊಬ್ಬರು ಹಾಗೆ ಮಾಡಿದ್ದು ಎಂಬ ಅರ್ಥ ಉಳಿಯಬೇಕಂತೆ. ಸದ್ಯಕ್ಕೆ ‘ಆಫ್ರಿಕಾದಿಂದ ಸೆರೆಹಿಡಿದು ತಂದವರ ಸ್ಮಾರಕ’ ಎಂದು ಬರೆದಿಟ್ಟಿದ್ದೇನೆ. ಕೆತ್ತುವವರು ಅಕ್ಷರಕ್ಕಿಷ್ಟು ಎಂದು ಲೆಕ್ಕ ಹಾಕುವುದರಿಂದ ಎರಡು ಸಾಲು ಮೀರುವಂತಿಲ್ಲ.

ಗ.ರಾ., ಶಿರಸಿ
‘ಗುಲಾಮ’ ಬೇಡ. ಅರಬ್ಬಿಯಲ್ಲಿ ಅದಕ್ಕೆ ಹುಡುಗ ಎಂದರ್ಥ, ನಮ್ಮಲ್ಲಿ ಇಸ್ಪೀಟಿನ ಎಲೆ. ‘ದಾಸ’ ಎಂದರೆ ಜನಕ್ಕೆ ತಂಬೂರಿ ನೆನಪಾಗುತ್ತದೆ. ಅಪ್ಪಟ ಕನ್ನಡದ ‘ತೊತ್ತು’ ಇದೆಯಲ್ಲ! ಹಳಗನ್ನಡದ ತೊೞ್ತು, ತಮಿಳಿನ ತೊೞುತ್ತೈ ಜೊತೆಗೆ ನೋಡಿ. ‘ಸ್ಮಾರಕ’ವೂ ಬೇಡ, ‘ನೆನಪುಗಲ್ಲು’ ಸಾಕು.

ವಿ.ಶಾ., ಕುಮಟಾ
ತೊತ್ತು ಇವತ್ತು ಬೈಗುಳ, ಅದೂ ಹೆಂಗಸರ ಮೇಲಿನದು. ಯಾರದೋ ಅಜ್ಜ ಅಜ್ಜಿಯ ನೆನಪಿನ ಕಲ್ಲಿನ ಮೇಲೆ ಅದನ್ನು ಕೆತ್ತಿಸಿ ನೋಡಿ, ಮಾರನೇ ದಿನವೇ ಕಲ್ಲು ಉರುಳಿರುತ್ತದೆ. ಇನ್ನೊಬ್ಬರು ‘ಜೀತ’ ಎನ್ನುವ ಮೊದಲೇ ಹೇಳಿಬಿಡುತ್ತೇನೆ, ಅದೂ ಸಲ್ಲ. ಜೀತ ಸಾಲಕ್ಕೆ ಕಟ್ಟಿಹಾಕಿದ ದುಡಿಮೆ, ಅದರ ಕಾಯ್ದೆ 1976ರದ್ದು. ಇಲ್ಲಿ ಮಾರಾಟವಾದದ್ದು ಮನುಷ್ಯರೇ. ಭಾರತದಲ್ಲಿ ಅದಕ್ಕೆ ಸಂಬಂಧಿಸಿದ ಬ್ರಿಟಿಷರ ಕಾಯ್ದೆ 1843ರದ್ದು.

ಸು.ನಾ. ಅವರೇ, ನಿಮ್ಮ ತೊಡಕು ನಾಮಪದದ್ದಲ್ಲ, ಕೃದಂತದ್ದು, ಅಂದರೆ ಕ್ರಿಯೆಯಿಂದ ಹುಟ್ಟಿದ ಪದದ್ದು. ‘ಸೆರೆಹಿಡಿದು ತಂದವರ ಸ್ಮಾರಕ’ ಎಂದರೆ ಹಿಡಿದು ತಂದ ವ್ಯಾಪಾರಿಗೇ ಸ್ಮಾರಕ ಕಟ್ಟಿದಂತೆ! ‘ಗುಲಾಮರನ್ನಾಗಿಸಿದವರು’, ‘ಮಾರಿದವರು’, ಎಲ್ಲದಕ್ಕೂ ಇದೇ ಗತಿ. ಸಕರ್ಮಕ ಧಾತುವಿಗೆ ‘-ಅವರು’ ಹಚ್ಚಿದರೆ ಓದುವವನ ಕಣ್ಣು ಮೊದಲು ಕರ್ತೃವಿನತ್ತಲೇ ಹೋಗುತ್ತದೆ. ‘ತರಲ್ಪಟ್ಟವರು’ ಸರ್ಕಾರಿ ಸುತ್ತೋಲೆಯ ಭಾಷೆ. ‘ಗುಲಾಮಗಿರಿಗೆ ಗುರಿಯಾದವರು’ ಕಿವಿಗೆ ಹಿತ, ಆದರೆ ಗುರಿ ಮಾಡಿದವನು ಮಾಯ.

ಕರ್ತೃವನ್ನು ಮುಂದಕ್ಕೆ ತಂದು, ‘ಅವರು’ ಇದ್ದಲ್ಲಿ ನಾಮಪದ ಇಡಿ: ‘ಪೋರ್ಚುಗೀಸರು ಗುಲಾಮರನ್ನಾಗಿಸಿ ತಂದ ಆಫ್ರಿಕನ್ನರ ನೆನಪಿಗೆ’. ಗೊಂದಲವೂ ಇಲ್ಲ, ಮಾಡಿದವರ ಹೆಸರೂ ಬಂತು.

ಗ.ರಾ., ಶಿರಸಿ
ಹಾಗಾದರೆ ‘ವೀರಗಲ್ಲು’ ಎನ್ನಿ. ಬನವಾಸಿ ಪಕ್ಕದಲ್ಲೇ ಇದೆ, ಮಾದರಿಗೆ ಇಂಗ್ಲೆಂಡಿನ ಬ್ರಿಸ್ಟಲ್‌ವರೆಗೆ ಹೋಗಬೇಕಿಲ್ಲ.

ವಿ.ಶಾ., ಕುಮಟಾ
ಬ್ರಿಸ್ಟಲ್ ಎಂದವರು ಯಾರು? ವೀರಗಲ್ಲು ಕಾದಾಡಿ ಸತ್ತವನಿಗೆ. ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಲಿಂಗ. ಇಲ್ಲಿ ಯಾವ ಪಟ್ಟಿಕೆಯಲ್ಲಿ ಏನು ಕೆತ್ತಿಸುತ್ತೀರಿ?

ಮ.ಕಾ., ಕಾರವಾರ
ಬ್ರಿಸ್ಟಲ್ ಸುದ್ದಿ ಬಂದದ್ದೇ ಒಳ್ಳೆಯದಾಯಿತು. ಅಲ್ಲಿ ಗುಲಾಮರ ವ್ಯಾಪಾರದಲ್ಲಿದ್ದ ಕೋಲ್‌ಸ್ಟನ್ ಪ್ರತಿಮೆಯನ್ನು ಜನ 2020ರ ಜೂನ್ 7ರಂದು ಬಂದರಿನ ನೀರಿಗೆ ತಳ್ಳಿದರು. 1895ರ ಅದರ ಮೂಲ ಫಲಕದಲ್ಲಿ ಅವನ ಸದ್ಗುಣ, ವಿವೇಕದ ಹೊಗಳಿಕೆಯಿತ್ತೇ ಹೊರತು ಗುಲಾಮರ ವ್ಯಾಪಾರದ ಸುದ್ದಿಯಿಲ್ಲ. ಎರಡನೇ ಫಲಕ ಹಾಕಲು ಹೊರಟಾಗ ಅದರ ಒಕ್ಕಣೆಗೇ ಜಗಳವಾಗಿ 2019ರಲ್ಲಿ ಅದು ನಿಂತೇಹೋಯಿತು. ಮಾಡಿದ್ದನ್ನು ಹೆಸರಿಸದ ಫಲಕದ ಪಾಡು ಇದು.

ಆದರೆ ಬರೀ ‘ಪೋರ್ಚುಗೀಸರು’ ಎಂದರೆ ಅರ್ಧ ಸತ್ಯ. ಅರಬ್ ವ್ಯಾಪಾರಿಗಳೂ ಇದ್ದರು. ‘ಪೋರ್ಚುಗೀಸರು ಮತ್ತಿತರ ವ್ಯಾಪಾರಿಗಳು’ ಎಂದಿರಲಿ. ಶುದ್ಧ ಕನ್ನಡದವರಿಗೊಂದು ಮಾತು: ನಮ್ಮ ಕಡೆ ದಿನಾ ಆಡುವ ‘ಲಿಲಾವು’ (ಹರಾಜು) ಪೋರ್ಚುಗೀಸರ ‘ಲೆಯ್ಲಾಂವ್’ನಿಂದ ಬಂದದ್ದು. ಗೋವೆಯ ಬೀದಿಯಲ್ಲಿ ಮನುಷ್ಯರನ್ನು ಕೂಗಿ ಮಾರಿದವರದೇ ಮಾತು. ಅದನ್ನೂ ಕಿತ್ತೆಸೆದರೆ ಗುರುತೇ ಅಳಿಸುತ್ತದೆ. ‘ಗುಲಾಮ’ ಹಾಗೆಯೇ ಇರಲಿ.

ಗ.ರಾ., ಶಿರಸಿ
ಕಳ್ಳನ ಮಾತು ಕಲಿತರೆ ಕಳ್ಳತನದ ಗುರುತು ಉಳಿಯುತ್ತದೆ ಎಂಬ ವಾದ ಇವತ್ತೇ ಕೇಳಿದ್ದು. ಮುಂದುವರಿಸಿ.

ಮ.ಕಾ., ಕಾರವಾರ
‘ಕನ್ನಡ ಕಲಿ’ ಪಾಠ ಆಮೇಲೆ. ಸು.ನಾ. ಅವರಿಗೆ ಕೆಲಸದ ಮಾತು. ‘ಸಿದ್ದಿ’ಗೆ ಅಲ್ಪಪ್ರಾಣ. ಕರಡು ತಿದ್ದುವವರು ಸಂಸ್ಕೃತವೆಂದು ತಿಳಿದು ‘ಸಿದ್ಧಿ’ ಮಾಡಿಬಿಡುತ್ತಾರೆ, ಕೆತ್ತನೆಗೆ ಮೊದಲು ಒಮ್ಮೆ ನೋಡಿ. ಬರಹವನ್ನು ಹಳೆಯ ನುಡಿ ಫಾಂಟಿನಲ್ಲಿ ಕಳಿಸಬೇಡಿ. ಅವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಅಕ್ಷರವೆಲ್ಲ ಚೆಲ್ಲಾಪಿಲ್ಲಿ. ಯುನಿಕೋಡಿನಲ್ಲಿ ಬರೆದು, ಅಕ್ಷರಗಳನ್ನು ಗೆರೆಚಿತ್ರ ಮಾಡಿಸಿ ಪಿಡಿಎಫ್ ಕೊಡಿ. ಅಕ್ಷರ ಎರಡಿಂಚಾದರೆ ಸಾಲಿಂದ ಸಾಲಿಗೆ ನಾಲ್ಕಿಂಚು ಬಿಡಿ, ಇಲ್ಲವಾದರೆ ‘ಮತ್ತಿತರ’ದ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತದೆ. ಚಿರೆಕಲ್ಲು ಅಗ್ಗ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಅದರ ತೂತಿನಲ್ಲಿ ಒತ್ತಿನ ಸಣ್ಣ ಸುಳಿ ನಿಲ್ಲುವುದಿಲ್ಲ, ಎರಡು ಮಳೆಗಾಲಕ್ಕೆ ಪಾಚಿ ಹತ್ತುತ್ತದೆ.

ಸು.ನಾ., ಯಲ್ಲಾಪುರ
ಧನ್ಯವಾದ. ಅಂತಿಮ ಪಾಠ:
‘ಪೋರ್ಚುಗೀಸರು ಮತ್ತಿತರ ವ್ಯಾಪಾರಿಗಳು ಗುಲಾಮರನ್ನಾಗಿಸಿ ಸಾಗಿಸಿದ ಆಫ್ರಿಕನ್ನರ,
ಈ ಕಾಡು ಸೇರಿ ಬಾಳು ಕಟ್ಟಿದ ಸಿದ್ದಿ ಹಿರಿಯರ ನೆನಪಿಗೆ’.

ಗ.ರಾ., ಶಿರಸಿ
‘ವ್ಯಾಪಾರಿ’ ಕೂಡ ಸಂಸ್ಕೃತ.