1950ರ ದಶಕದ ಅಡುಗೆಮನೆಗೆ ಆ ಕಾಲದ್ದೇ ಪಿಂಗಾಣಿ ಸಿಂಕ್ ಎಲ್ಲಿ ಸಿಕ್ಕೀತು?

ಚಿಕ್ಕಪೇಟೆ ಮನೆ, ತುಮಕೂರು:

ಎಲ್ಲರಿಗೂ ನಮಸ್ಕಾರ. ತುಮಕೂರಿನ ಚಿಕ್ಕಪೇಟೆಯಲ್ಲಿರುವ ನಮ್ಮ ಹಳೆಯ ಮನೆಯನ್ನು ದುರಸ್ತಿ ಮಾಡಿಸುತ್ತಿದ್ದೇವೆ. ತೊಟ್ಟಿ, ಪಡಸಾಲೆ, ದೇವರ ಮನೆ ಎಲ್ಲವೂ ಮಣ್ಣಿನ ಗೋಡೆಯವು. ಹಿಂಬದಿಯ ಅಡುಗೆಮನೆಯನ್ನು ಮಾತ್ರ ತಾತನವರು 1950ರ ದಶಕದಲ್ಲಿ ಬದಲಾಯಿಸಿ, ನಿಂತು ಅಡುಗೆ ಮಾಡುವ ಕಟ್ಟೆಯನ್ನೂ ಅದರ ಮಗ್ಗುಲಲ್ಲಿ ಒಂದು ಬಿಳಿಯ ಪಿಂಗಾಣಿ ಸಿಂಕನ್ನೂ ಹಾಕಿಸಿದ್ದರು. ಅದು ಒಡೆದ ಮೇಲೆ ಆ ಜಾಗಕ್ಕೆ ಸ್ಟೀಲ್ ಸಿಂಕ್ ಬಂತು. ಈಗ ಸ್ಟೀಲ್ ಸಿಂಕನ್ನು ತೆಗೆಸಿದಾಗ ಹಳೆಯ ಸಿಂಕಿನ ಬೀಡುಕಬ್ಬಿಣದ ಎರಡು ಬ್ರಾಕೆಟ್‌ಗಳು ಗೋಡೆಯಲ್ಲಿ ಹಾಗೆಯೇ ಉಳಿದಿರುವುದು ಕಂಡಿತು. ಗಾರೆಯ ಮೇಲಿನ ಗುರುತಿನ ಪ್ರಕಾರ ಅದು 24 ಅಂಗುಲ ಉದ್ದ, 18 ಅಂಗುಲ ಅಗಲ ಇದ್ದಿರಬೇಕು.

ಬೆಂಗಳೂರಿನ ಷೋರೂಮುಗಳಲ್ಲಿ ಹಳೆಯ ನಮೂನೆಯ ಹೊಸ ಸಿಂಕುಗಳು ಇವೆ. ಅವುಗಳ ಬೆಲೆಯೂ ಹೆಚ್ಚು, ಅಂಚುಗಳೂ ನಮ್ಮ ಕಟ್ಟೆಗೆ ಒಗ್ಗುವಂತಿಲ್ಲ. ನಿಜವಾಗಿಯೂ ಆ ಕಾಲದ ಸಿಂಕ್ ಎಲ್ಲಿ ಸಿಗಬಹುದು, ಕೊಳ್ಳುವಾಗ ಏನನ್ನು ಪರೀಕ್ಷಿಸಬೇಕು, ಹಳೆಯ ಬ್ರಾಕೆಟ್‌ಗಳನ್ನೇ ಬಳಸಬಹುದೇ ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಬೇಕು.

ಬಂಗಾರಪೇಟೆಯ ವಾಸಿ:

ತಾವು ಹುಡುಕುತ್ತಿರುವುದು ಅಪರೂಪದ ಅಳತೆಯೇನಲ್ಲ. 600, 450, 250 ಮಿಲಿಮೀಟರ್, ಅಂದರೆ ತಾವು ಹೇಳಿದ 24 ಮತ್ತು 18 ಅಂಗುಲದ ಜೊತೆಗೆ 10 ಅಂಗುಲ ಆಳ, ಕೇಂದ್ರ ಲೋಕೋಪಯೋಗಿ ಇಲಾಖೆಯ ದರಪಟ್ಟಿಯಲ್ಲಿ ಅಡುಗೆಮನೆಯ ಸಿಂಕಿಗೆ ಕೊಟ್ಟಿರುವ ಅಳತೆಯೇ ಆಗಿದೆ. ಬೀಡುಕಬ್ಬಿಣದ ಬ್ರಾಕೆಟ್, 40 ಮಿಲಿಮೀಟರಿನ ಹಿತ್ತಾಳೆ ವೇಸ್ಟ್ (ನೀರು ಹೊರಹೋಗಲು ಸಿಂಕಿನ ತಳದ ತೂತಿಗೆ ಕೂರಿಸುವ ಭಾಗ), ಸರಪಳಿ ಕಟ್ಟಿದ ರಬ್ಬರ್ ಬಿರಡೆ ಇವೂ ಅದೇ ಬಾಬಿನಲ್ಲಿ ಬರುತ್ತವೆ. ಆದ್ದರಿಂದ ಹಳೆಯ ಸರ್ಕಾರಿ ಕ್ವಾರ್ಟರ್ಸ್, ಆಸ್ಪತ್ರೆ ಮತ್ತು ಹಾಸ್ಟೆಲುಗಳನ್ನು ಕೆಡವುವ ಕಡೆ ಇಂಥವು ಇರುವ ಸಂಭವ ಹೆಚ್ಚು.

ಆದರೆ ಗುಜರಿ ಅಂಗಡಿಯಲ್ಲಿ ಕಾದು ಕುಳಿತರೆ ಪ್ರಯೋಜನವಿಲ್ಲ. ಗುಜರಿಯವರು ತೂಕಕ್ಕೆ ಕೊಳ್ಳುವುದು ಕರಗಿಸಬಹುದಾದ ಸಾಮಾನನ್ನು. ಪಿಂಗಾಣಿಗೆ ಅಲ್ಲಿ ಬೆಲೆಯಿಲ್ಲವಾದ ಕಾರಣ, ಕೆಡವುವವರು ಹಿತ್ತಾಳೆಯ ವೇಸ್ಟ್ ಬಿಚ್ಚಿಕೊಳ್ಳಲು ಸಿಂಕನ್ನು ಸ್ಥಳದಲ್ಲೇ ಒಡೆದುಬಿಡುತ್ತಾರೆ. ಮನೆ ಕೆಡವುವ ಗುತ್ತಿಗೆದಾರರಿಗೆ ಮುಂಚಿತವಾಗಿ ಹೇಳಿ, ಸ್ವಲ್ಪ ಮುಂಗಡ ಕೊಟ್ಟಿಡುವುದು ಒಳ್ಳೆಯದು. ಹಳೆಯ ಬಾಗಿಲು, ಕಂಬ ಮಾರುವ ತಮಿಳುನಾಡಿನ ಕಾರೈಕುಡಿಯ ಅಂಗಡಿಗಳಲ್ಲಿಯೂ ವಿಚಾರಿಸಬಹುದು, ಆದರೆ ಅಲ್ಲಿ ಅಲಂಕಾರದ ವಸ್ತುವಿನ ಬೆಲೆ ಹೇಳುತ್ತಾರೆ.

ನಮ್ಮ ಕಡೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಕೆಜಿಎಫ್‌ನಲ್ಲಿ 1880ರಿಂದ ಜಾನ್ ಟೇಲರ್ ಕಂಪನಿ ಗಣಿ ನಡೆಸಿದ ಕಾಲದ ಬಂಗಲೆಗಳಿವೆ ಎಂಬುದು ಎಲ್ಲರಿಗೂ ಗೊತ್ತಿರುವುದರಿಂದ, ಯಾರಾದರೂ ಒಂದು ಬಿಳಿ ಸಿಂಕನ್ನು ತೋರಿಸಿ ಬಂಗಲೆಯದೆಂದು ಹೇಳಿದರೆ ನಂಬುವ ಮನಸ್ಸಾಗುತ್ತದೆ. 2001ರಲ್ಲಿ ಗಣಿ ಮುಚ್ಚಿದರೂ ಅದು ಕೇಂದ್ರ ಸರ್ಕಾರದ ಕಂಪನಿಯ ಸ್ವತ್ತು. ಹರಾಜಿನ ರಸೀದಿ ತೋರಿಸದ ಹೊರತು ಅಂಥದ್ದನ್ನು ಮುಟ್ಟಬೇಡಿ. ಸಿಂಕು ಬ್ರಿಟನ್ನಿನದೇ ಆಗಿದ್ದರೆ ಅಡಿಭಾಗದಲ್ಲಿಯೋ ಬದಿಯಲ್ಲಿಯೋ ಟ್ವೈಫರ್ಡ್ಸ್, ಶ್ಯಾಂಕ್ಸ್, ಡೌಲ್ಟನ್ ಮುಂತಾದ ತಯಾರಕರ ಮುದ್ರೆ ಇರಬಹುದು. ಮುದ್ರೆ ಇಲ್ಲದ ಮಾತ್ರಕ್ಕೆ ಅದು ಕೆಟ್ಟದ್ದೆಂದೇನೂ ಅಲ್ಲ.

ಚಿಂತಾಮಣಿಯ ನಿವೃತ್ತ ಉಪನ್ಯಾಸಕಿ:

ಮೇಲಿನವರು ಹೇಳಿದ ಪಟ್ಟಿಗೆ ಕಾಲೇಜಿನ ಪ್ರಯೋಗಾಲಯಗಳೂ ಸೇರುತ್ತವೆ. ಅಲ್ಲಿನ ಬಿಳಿ ಸಿಂಕುಗಳನ್ನು ನೋಡಿ ಆಸೆಪಡುವವರು ಇದ್ದಾರೆ. ರಸಾಯನಶಾಸ್ತ್ರ ಕಲಿಸಿದವಳಾಗಿ ನಾನು ಅದನ್ನು ಬೇಡವೆನ್ನುತ್ತೇನೆ. ಲವಣ ವಿಶ್ಲೇಷಣೆಯ ತರಗತಿಗಳಲ್ಲಿ ಸೀಸದ ನೈಟ್ರೇಟ್, ಕ್ರೋಮೇಟ್, ಪಾದರಸದ ಲವಣಗಳೆಲ್ಲ ಆ ಸಿಂಕಿನಲ್ಲೇ ಸುರಿದು ಹೋಗಿರುತ್ತವೆ. ಮೇಲಿನ ಗಾಜಿನ ಹೊಳಪು ಅಖಂಡವಾಗಿದ್ದರೆ ಯಾವುದೂ ಒಳಗೆ ಇಳಿಯುವುದಿಲ್ಲ ಎನ್ನಬಹುದು. ಆದರೆ ಹಲವು ವರ್ಷ ಆಮ್ಲ ಕುಡಿದ ಸಿಂಕಿನಲ್ಲಿ ಕೂದಲೆಳೆಯಂಥ ಬಿರುಕು ಇಲ್ಲದಿರುವುದು ಅಪರೂಪ, ಬಿರುಕಿನ ಕೆಳಗಿನ ಮಣ್ಣು ರಂಧ್ರಮಯವಾದದ್ದು. ಅಕ್ಕಿ ತೊಳೆಯುವ ಜಾಗಕ್ಕೆ ಆ ಅನುಮಾನ ಏಕೆ ಬೇಕು? ಹೂಗಿಡ ಬೆಳೆಸಲು ಬೇಕಾದರೆ ತನ್ನಿ.

ಪರೀಕ್ಷೆಯ ವಿಧಾನ ಸುಲಭವಾಗಿದೆ. ಮಡಕೆ ಕೊಳ್ಳುವಾಗ ಮಾಡುವಂತೆ ಬೆರಳಿನ ಗೆಣ್ಣಿನಿಂದ ನಾಲ್ಕೂ ಬದಿ ತಟ್ಟಿ ನೋಡಿ. ಸದ್ದು ಒಂದೆಡೆ ಟಣ್ ಎಂದು, ಇನ್ನೊಂದೆಡೆ ಬೊದ್ದಾಗಿ ಬಂದರೆ ಒಳಗೆ ಸೀಳು ಇದೆ. ಬಳಿಕ ಫೌಂಟನ್ ಪೆನ್ನಿನ ಶಾಯಿಯನ್ನು ತಳಕ್ಕೆ ಸವರಿ, ಕೆಲವು ನಿಮಿಷ ಬಿಟ್ಟು ಒದ್ದೆ ಬಟ್ಟೆಯಿಂದ ಒರೆಸಿ. ಹೊಳಪಿನಲ್ಲಿ ಬಿರುಕಿದ್ದರೆ ನೀಲಿ ಬಲೆಯೇ ಮೂಡುತ್ತದೆ.

ಪಿಂಗಾಣಿಗೂ, ಎನಾಮಲ್ (ಗಾಜಿನಂಥ ಲೇಪ) ಹಾಕಿದ ಬೀಡುಕಬ್ಬಿಣಕ್ಕೂ ವ್ಯತ್ಯಾಸವನ್ನು ಮರೆಯಬೇಡಿ. ಅಯಸ್ಕಾಂತ ಹಿಡಿದರೆ ಗೊತ್ತಾಗುತ್ತದೆ. ಹಳೆಯ ಎನಾಮಲ್ ಹಲವು ಬಾರಿ ಆಮ್ಲಕ್ಕೆ ತಡೆಯುವುದಿಲ್ಲ, ನಮ್ಮ ಅಡುಗೆಮನೆಗಳಲ್ಲಿ ಹುಣಸೆಹಣ್ಣಿನ ಸಿಪ್ಪೆ, ನಿಂಬೆ ಹೋಳು ಸಿಂಕಿಗೆ ಬೀಳದ ದಿನವಿಲ್ಲ. ಅದರ ಜೊತೆಗೆ ಕೊಳವೆಬಾವಿಯ ಗಡಸು ನೀರಿನ ಬಿಳಿ ಕಲೆಯನ್ನು ತೆಗೆಯಲು ಆಮ್ಲವನ್ನೇ ಹಾಕುತ್ತೇವೆ, ಹೊಳಪು ಹೋಗುತ್ತದೆ. ಹೊಸ ಹೊಳಪು ಹಾಕಿಕೊಡುತ್ತೇವೆಂದು ಹೇಳುವವರು ಸಾಮಾನ್ಯವಾಗಿ ಬಳಿಯುವುದು ಎಪಾಕ್ಸಿ ಬಣ್ಣ. ನಿಜವಾದ ಎನಾಮಲ್ ಸುಮಾರು 800 ಡಿಗ್ರಿ ಸೆಲ್ಸಿಯಸ್‌ನ ಕುಲುಮೆಯಲ್ಲಿ ಕರಗಿ ಹತ್ತಬೇಕಾದದ್ದು. ಒಲೆಯಿಂದ ಇಳಿಸಿದ ಬಾಣಲೆಯನ್ನು ಬಣ್ಣದ ಮೇಲಿಟ್ಟರೆ ಅದು ಉಳಿಯದು.

ಮಾಲೂರು ತಾಲ್ಲೂಕಿನವರು:

ಪ್ರಶ್ನೆಯನ್ನೇ ಸ್ವಲ್ಪ ಬೇರೆಯಾಗಿ ನೋಡಬಹುದು ಎಂದು ನನಗೆ ತೋರುತ್ತದೆ. ಉಳಿದ ಮನೆ ಮಣ್ಣಿನ ಗೋಡೆಯ ತೊಟ್ಟಿಮನೆಯಾಗಿದ್ದರೆ ಪಿಂಗಾಣಿಗಿಂತ ಕಲ್ಲೇ ಅಲ್ಲಿಗೆ ಒಪ್ಪುತ್ತದೆ. ಹಿಂದೆ ಮುಸುರೆ ತಿಕ್ಕುತ್ತಿದ್ದದ್ದು ಹಿತ್ತಲಿನ ಕಲ್ಲಿನ ಮೇಲೆ, ಅಕ್ಕಿ ತೊಳೆದ ಕಲಗಚ್ಚು ಹೋಗುತ್ತಿದ್ದದ್ದು ದನಗಳ ಬಾನಿಗೆ. ನಮ್ಮ ತಾಲ್ಲೂಕಿನ ಶಿವಾರಪಟ್ಟಣದಲ್ಲಿ ವಿಗ್ರಹ ಕೆತ್ತುವ ಶಿಲ್ಪಿಗಳಿದ್ದಾರೆ. ಅಳತೆ ಕೊಟ್ಟರೆ ಒಂದೇ ಕಲ್ಲಿನಲ್ಲಿ ಸಿಂಕ್ ಮಾಡಿಕೊಡುವಂತೆ ಕೇಳಬಹುದು. ಕಡಪ ಕಲ್ಲನ್ನು ಮಾತ್ರ ಹಾಕಬೇಡಿ, ಅದು ಸುಣ್ಣದ ಅಂಶವಿರುವ ಕಲ್ಲಾದ್ದರಿಂದ ಹುಳಿಗೆ ಮಂಕಾಗುತ್ತದೆ.

ಚಿಕ್ಕಪೇಟೆ ಮನೆ, ತುಮಕೂರು:

ತಮ್ಮ ಸಲಹೆಗೆ ವಂದನೆಗಳು. ಆದರೆ ತಾತನವರು ಆ ಅಡುಗೆಮನೆಯನ್ನು ಬದಲಿಸಿದ್ದೇ ಬಗ್ಗಿ ಮಾಡುವ ಕೆಲಸವನ್ನು ತಪ್ಪಿಸುವುದಕ್ಕೆ ಎಂದು ಮನೆಯ ಹಿರಿಯರು ಹೇಳುತ್ತಾರೆ. ಕಟ್ಟೆ, ಗೋಡೆಯ ಬಿಳಿ ಟೈಲು, ಹಿತ್ತಾಳೆ ನಲ್ಲಿ ಎಲ್ಲವೂ ಉಳಿದಿವೆ. ಅವುಗಳ ನಡುವೆ ಕಲ್ಲಿನ ಸಿಂಕ್ ಕೂರಿಸಿದರೆ ಆ ಅಡುಗೆಮನೆ ಎಂದೂ ಹಾಗಿರದ ರೂಪಕ್ಕೆ ಬರುತ್ತದೆ. ಹಿತ್ತಲಿನಲ್ಲಿ ಪಾತ್ರೆ ತೊಳೆಯುವ ಜಾಗಕ್ಕೆ ತಮ್ಮ ಮಾತನ್ನು ಖಂಡಿತ ಪರಿಗಣಿಸುತ್ತೇನೆ.

ಗೌರಿಬಿದನೂರಿನ ಸಿವಿಲ್ ಕೆಲಸದವರು:

ಬ್ರಾಕೆಟ್‌ಗಳ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲ, ಅದೇ ಮುಖ್ಯವಾದದ್ದು. ಆ ಅಳತೆಯ ಸಿಂಕ್ ತುಂಬಿದಾಗ ಸುಮಾರು 45 ಲೀಟರ್ ನೀರು ಹಿಡಿಯುತ್ತದೆ, ಅಂದರೆ 45 ಕಿಲೋ. ಪಿಂಗಾಣಿಯ ಸ್ವಂತ ತೂಕ, ಒಳಗೆ ಬಿದ್ದಿರುವ ಕುಕ್ಕರು, ಅಂಚಿಗೆ ಒರಗಿ ನಿಲ್ಲುವವರ ಭಾರ ಇವೆಲ್ಲ ಅದರ ಮೇಲೆ ಸೇರುತ್ತವೆ. ಕಲ್ಲಿನದಾದರೆ 2 ಅಂಗುಲ ದಪ್ಪದ ಗೋಡೆಯಿಟ್ಟರೂ ಬರಿಯ ಕಲ್ಲೇ ಸುಮಾರು 90 ಕಿಲೋ ತೂಗುತ್ತದೆ. ಎಪ್ಪತ್ತು ವರ್ಷ ನೀರು ಜಿನುಗಿದ ಗೋಡೆಯಲ್ಲಿ ಹೂತಿರುವ ಬ್ರಾಕೆಟ್ ಹೊರಗೆ ಗಟ್ಟಿಯಾಗಿ ಕಂಡರೂ ಗೋಡೆಯ ಒಳಗಿನ ಭಾಗ ತುಕ್ಕು ಹಿಡಿದಿರಬಹುದು.

ಬ್ರಾಕೆಟ್‌ಗಳನ್ನು ನೋಟಕ್ಕಾಗಿ ಉಳಿಸಿಕೊಳ್ಳಿ, ಭಾರವನ್ನು ಮಾತ್ರ ನೆಲಕ್ಕೆ ಇಳಿಸಿ. ಎರಡು ಬದಿಗೂ ಇಟ್ಟಿಗೆಯ ಮೋಟುಗೋಡೆ ಎಬ್ಬಿಸಿ ಸಿಂಕನ್ನು ಅದರ ಮೇಲೆ ಕೂರಿಸಬೇಕು. ಮಣ್ಣಿನ ಗೋಡೆಗೆ ತಾಗುವ ಕಡೆ ಸಿಮೆಂಟ್ ಬದಲು ಸುಣ್ಣದ ಗಾರೆ ಹಾಕಿದರೆ ತೇವ ಒಳಗೆ ಸಿಕ್ಕಿಬೀಳುವುದಿಲ್ಲ. ಕಟ್ಟೆಯ ಕಲ್ಲು ಸಿಂಕಿನ ಅಂಚಿನ ಮೇಲೆ ಅರ್ಧ ಅಂಗುಲ ಚಾಚಿ, ಅದರ ಕೆಳಮುಖದಲ್ಲಿ ನೀರು ತೊಟ್ಟಿಕ್ಕಲು ಸಣ್ಣ ಗೀರು ಇರಲಿ, ಇಲ್ಲವಾದರೆ ನೀರು ಹಿಂದಕ್ಕೆ ಹರಿದು ಮತ್ತೆ ಗೋಡೆಯನ್ನೇ ಸೇರುತ್ತದೆ.

ಹಳೆಯ ಸಿಂಕುಗಳಲ್ಲಿ ಕೆಲವಕ್ಕೆ ಮೇಲ್ಗಡೆ ಹೆಚ್ಚುವರಿ ನೀರು ಹೋಗುವ ಸೀಳು ಇರುತ್ತದೆ. ಆಯ್ಕೆ ಇದ್ದರೆ ಸೀಳಿಲ್ಲದ್ದನ್ನೇ ಕೊಳ್ಳಿ, ಅನ್ನದ ಅಗುಳು ಆ ಸಂದಿಯಲ್ಲಿ ಕೂತರೆ ತೆಗೆಯಲು ಬ್ರಷ್ಷು ಹೋಗುವುದಿಲ್ಲ. ಸಿಂಕ್ ಕೈಗೆ ಬಂದ ಮೇಲೆ ವೇಸ್ಟ್ ತೂತಿನ ವ್ಯಾಸವನ್ನು ಅಳೆದೇ ವೇಸ್ಟ್ ತರಬೇಕು. ಈಗಿನ ಜಾಲರಿ ಬುಟ್ಟಿಯ ವೇಸ್ಟಿಗೆ ಸುಮಾರು 90 ಮಿಲಿಮೀಟರಿನ ತೂತು ಬೇಕು, ಹಳೆಯದರಲ್ಲಿ ತೂತು ಚಿಕ್ಕದಿದ್ದರೆ ಅದನ್ನು ಕೊರೆದು ದೊಡ್ಡದು ಮಾಡಿಸಲು ಹೋಗಬೇಡಿ, ಪಿಂಗಾಣಿ ಸೀಳುತ್ತದೆ. 40 ಮಿಲಿಮೀಟರಿನ ಹಿತ್ತಾಳೆ ವೇಸ್ಟ್ ಈಗಲೂ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತದೆ. ಅದನ್ನು ಬಿಗಿಯುವಾಗ ಪಿಂಗಾಣಿಗೂ ಲೋಹಕ್ಕೂ ನಡುವೆ ರಬ್ಬರ್ ವಾಷರ್ ಇಟ್ಟು, ಕೈಯಿಂದ ತಿರುಗಿಸಿದ ಮೇಲೆ ಸ್ಪ್ಯಾನರಿನಿಂದ ಕಾಲು ಸುತ್ತು ಸಾಕು. ಮೋಟುಗೋಡೆ ಎಬ್ಬಿಸುವುದಕ್ಕೆ ಮುಂಚೆ ಸಿಂಕನ್ನು ಇಟ್ಟಿಗೆಗಳ ಮೇಲೆ ಇರಿಸಿ, ನೀರು ತುಂಬಿ, ರಾತ್ರಿಯಿಡೀ ಬಿಟ್ಟು ಅಡಿಯಲ್ಲಿ ಹಾಳೆ ಹಾಸಿ ನೋಡಿ.