ಕಾಲು ಮೇಲೆತ್ತುವ ವೀಲ್‌ಚೇರ್: ತರುವ ಮುಂಚೆ ಏನೇನು ನೋಡಬೇಕು?

ಕೇಳಿದವರು, ಗುಬ್ಬಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತೆಗೆ 68 ವರ್ಷ. ಹಿತ್ತಲಲ್ಲಿ ಜಾರಿ ಬಿದ್ದು ಮೊಣಕಾಲಿನ ಕೆಳಗೆ ಮೂಳೆ ಮುರಿದಿದೆ. ತೊಡೆಯಿಂದ ಪಾದದವರೆಗೂ ಪ್ಲಾಸ್ಟರ್ ಹಾಕಿದ್ದಾರೆ. ಕಾಲು ಇಳಿಬಿಡಬಾರದು, ಮೇಲೆತ್ತಿ ಇಟ್ಟಿರಬೇಕು, ಭಾರ ಊರಬಾರದು ಅಂತ ಡಾಕ್ಟರ್ ಹೇಳಿದ್ದಾರೆ. ಸಕ್ಕರೆ ಕಾಯಿಲೆಯೂ ಇದೆ. ಇನ್ನೊಂದು ಕಾಲೂ ಸಂಜೆ ಹೊತ್ತಿಗೆ ಊದಿಕೊಳ್ಳುತ್ತದೆ. ಲೆಗ್ ರೆಸ್ಟ್ ಮೇಲಕ್ಕೆ ಏರುವ ವೀಲ್‌ಚೇರ್ ತರೋಣ ಅಂತಿದ್ದೇವೆ. ನಮ್ಮದು ಹಳೇ ಮನೆ, ಹೊಸಿಲು ಎತ್ತರ, ಬಚ್ಚಲು ಹಿಂದೆ. ಕೊಳ್ಳುವುದಾ, ಬಾಡಿಗೆಗೆ ತರುವುದಾ? ಏನು ನೋಡಿ ತಗೊಳ್ಳಬೇಕು? ಮನೆಯಲ್ಲಿ ಬಳಸಿದವರು ದಯವಿಟ್ಟು ಹೇಳಿ.

ತುಮಕೂರಿನಿಂದ

ಅಕ್ಕ, ನಿಮ್ಮ ವಿಷಯದಲ್ಲಿ ಬಾಡಿಗೆಯೇ ಸರಿ. ಮೂಳೆ ಕೂಡಿಕೊಂಡ ಮೇಲೆ ಅತ್ತೆ ವಾಕರ್ ಹಿಡಿದು ನಡೆಯುತ್ತಾರೆ. ಆಮೇಲೆ ಅಷ್ಟು ದೊಡ್ಡ ಕುರ್ಚಿ ಸುಮ್ನೆ ಜಾಗ ತಿನ್ನುತ್ತದೆ. ಇಲ್ಲಿ ಆಸ್ಪತ್ರೆಗಳ ಆಸುಪಾಸಿನ ಸರ್ಜಿಕಲ್ ಅಂಗಡಿಗಳಲ್ಲಿ ವಿಚಾರಿಸಿ. ಕೆಲವರು ಅಡ್ವಾನ್ಸ್ ಇಟ್ಟುಕೊಂಡು ತಿಂಗಳ ಲೆಕ್ಕದಲ್ಲಿ ಕೊಡುತ್ತಾರೆ. ಫೋನಿನಲ್ಲಿ ‘ವೀಲ್‌ಚೇರ್ ಇದೆಯಾ’ ಅಂತ ಮಾತ್ರ ಕೇಳಿದರೆ ಸಾದಾ ಕುರ್ಚಿಯೇ ಬರುತ್ತದೆ. ಲೆಗ್ ರೆಸ್ಟ್ ಏರಬೇಕು, ಬೆನ್ನೂ ಹಿಂದಕ್ಕೆ ಒರಗಬೇಕು ಅಂತ ಎರಡನ್ನೂ ಬಿಡಿಸಿ ಹೇಳಿ.

ಬೆನ್ನಿನ ವಿಷಯ ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ನಮ್ಮ ಅಮ್ಮನಿಗೆ ಮೊದಲು ಬಂದ ಕುರ್ಚಿಯಲ್ಲಿ ಕಾಲು ಚೆನ್ನಾಗಿ ಏರುತ್ತಿತ್ತು, ಬೆನ್ನು ಮಾತ್ರ ನೆಟ್ಟಗೆ. ಅಮ್ಮ ಕೂತ ಸ್ವಲ್ಪ ಹೊತ್ತಿಗೇ ಸೀಟಿನಿಂದ ಮುಂದಕ್ಕೆ ಜಾರುತ್ತಿದ್ದರು. ‘ಮೇಲಕ್ಕೆ ಎಳೀರೋ’ ಅಂತ ಕೂಗುತ್ತಿದ್ದರು. ನಾವು ಕಂಕುಳಿಗೆ ಕೈ ಹಾಕಿ ಎಳೆಯುತ್ತಿದ್ದೆವು. ಕೆಲವೇ ದಿನಕ್ಕೆ ಬೆನ್ನುಮೂಳೆಯ ತುದಿಯ ಹತ್ತಿರ ಚರ್ಮ ಕೆಂಪಾಯಿತು. ಬೆಡ್‌ಸೋರ್ ಶುರುವಾಗುವುದೇ ಹೀಗೆ ಅಂತ ನರ್ಸ್ ಹೇಳಿದರು. ಕಾರಣ ಇಷ್ಟೇ: ಕಾಲು ನೇರವಾಗಿ ಚಾಚಿದಾಗ ತೊಡೆಯ ಹಿಂದಿನ ಸ್ನಾಯು ಬಿಗಿಯುತ್ತದೆ. ವಯಸ್ಸಾದವರಲ್ಲಿ ಅದು ಮೊದಲೇ ಬಿಗಿ. ಅದು ಸೊಂಟವನ್ನು ಮುಂದಕ್ಕೆ ಎಳೆಯುತ್ತದೆ. ನೀವೇ ಗೋಡೆಗೆ ಬೆನ್ನು ಕೊಟ್ಟು, ನೆಲದ ಮೇಲೆ ಎರಡೂ ಕಾಲು ಚಾಚಿ ಕೂತು ನೋಡಿ, ಗೊತ್ತಾಗುತ್ತದೆ. ಬೆನ್ನು ಸ್ವಲ್ಪ ಹಿಂದಕ್ಕೆ ಒರಗಿದರೆ ಆ ಎಳೆತ ಕಡಿಮೆಯಾಗುತ್ತದೆ. ಒರಗುವ ಕುರ್ಚಿಗೆ ಬದಲಾಯಿಸಿಕೊಂಡ ಮೇಲೆ ಅಮ್ಮನಿಗೆ ಕೂರುವುದು ಎಷ್ಟೋ ಸಲೀಸಾಯಿತು.

ಇನ್ನು ಅಳತೆ. 18 ಇಂಚಿನ ಸೀಟು ಅಂದರೆ ಕುರ್ಚಿಯೇ 18 ಇಂಚು ಅಂತ ತಿಳಿಯಬೇಡಿ. ಚಕ್ರ ಸೇರಿ ಹೊರಗಿನ ಅಗಲ 25–26 ಇಂಚು ಬರುತ್ತದೆ. ಹಳೇ ಮನೆಗಳ ಬಚ್ಚಲು ಬಾಗಿಲು ಎಷ್ಟೋ ಕಡೆ 24 ಇಂಚೇ ಇರುತ್ತದೆ. ಉದ್ದವೂ ಮುಖ್ಯ. ಪಾದ ಕೆಳಗಿದ್ದಾಗಲೇ ಕುರ್ಚಿ ಮೂರೂವರೆ ಅಡಿ ಹತ್ತಿರ ಇರುತ್ತದೆ. ಕಾಲು ಪೂರ್ತಿ ಏರಿಸಿದರೆ ಅದಕ್ಕಿಂತ ಒಂದು ಅಡಿಗೂ ಜಾಸ್ತಿ ಮುಂದಕ್ಕೆ ಬರುತ್ತದೆ. ಬೆನ್ನು ಒರಗಿಸಿದರೆ ಹಿಂದಕ್ಕೂ ಅಷ್ಟು ಜಾಗ ಬೇಕು. ಅಂಗಡಿಗೆ ಹೋಗುವ ಮುಂಚೆ ಆರು ಅಡಿ ಉದ್ದ, 26 ಇಂಚು ಅಗಲದ ಚೌಕಟ್ಟನ್ನು ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದು ನೋಡಿ. ಮಂಚದ ಪಕ್ಕ ಹಿಡಿಸುತ್ತದಾ, ನಡುಮನೆಯಿಂದ ತಿರುಗುತ್ತದಾ ಅನ್ನುವುದು ಆಗಲೇ ತಿಳಿಯುತ್ತದೆ. ತಿರುಗಿಸುವಾಗ ಬಾಗಿಲ ಚೌಕಟ್ಟಿಗೆ ಮೊದಲು ತಾಗುವುದು ಮುರಿದ ಕಾಲಿನ ಪಾದವೇ, ಅದು ನೆನಪಿರಲಿ.

ಹೊಸಿಲು ದಾಟುವಾಗ ಹತ್ತುವುದಾಗಲಿ ಇಳಿಯುವುದಾಗಲಿ, ಕುರ್ಚಿ ಹಿಮ್ಮುಖವಾಗಿರಲಿ, ದೊಡ್ಡ ಚಕ್ರ ಮೊದಲು ಹೋಗಲಿ. ಮುಂದಿನ ಚಿಕ್ಕ ಚಕ್ರ ಮೊದಲು ಹೋದರೆ ಹೊಸಿಲಿಗೆ ಸಿಕ್ಕಿ ಕೂತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಒರಗುವ ಕುರ್ಚಿಗಳಲ್ಲಿ ಹಿಂದಕ್ಕೆ ಉರುಳದಿರಲಿ ಅಂತ ಹಿಂದೆ ಎರಡು ಪುಟ್ಟ ಗಾಲಿ ಇರುತ್ತವೆ. ಅವು ಹೊಸಿಲಿಗೆ ಅಡ್ಡ ಬರುತ್ತವೆ. ದಾಟುವ ಮುಂಚೆ ಮೇಲಕ್ಕೆ ತಿರುಗಿಸಿ, ದಾಟಿದ ತಕ್ಷಣ ಮತ್ತೆ ಕೆಳಗಿಳಿಸಿ.

ಕೆಜಿಎಫ್‌ನಿಂದ

ನಮ್ಮದು ಸ್ವಲ್ಪ ಬೇರೆ ಪರಿಸ್ಥಿತಿ, ಆದರೂ ಯಾರಿಗಾದರೂ ಉಪಯೋಗಕ್ಕೆ ಬರಬಹುದು. ನಮ್ಮ ಅಪ್ಪನಿಗೆ ಸಕ್ಕರೆ ಕಾಯಿಲೆಯಿಂದ ಮೊಣಕಾಲಿನ ಕೆಳಗೆ ಒಂದು ಕಾಲು ತೆಗೆದರು. ಆ ಕಾಲಿನ ಉಳಿದ ಭಾಗವನ್ನು ಕುರ್ಚಿಯಲ್ಲಿ ಇಡೀ ದಿನ ಮಡಚಿ ಇಳಿಬಿಟ್ಟರೆ ಮೊಣಕಾಲು ಹಾಗೇ ಬಗ್ಗಿ ಬಿಗಿದುಕೊಳ್ಳುತ್ತದೆ. ಆಮೇಲೆ ಕೃತಕ ಕಾಲು ಹಾಕಿಸಿಕೊಂಡು ನಡೆಯುವುದು ಬಹಳ ಕಷ್ಟ. ಅದಕ್ಕೇ ಕೂತಾಗ ಮೊಣಕಾಲು ನೇರವಾಗಿರಬೇಕು ಅಂದರು.

ಏರುವ ಲೆಗ್ ರೆಸ್ಟ್ ಇದ್ದರೂ ಅದರ ಪ್ಯಾಡ್ ಅಪ್ಪನ ಕಾಲಿಗೆ ಎಟುಕಲಿಲ್ಲ. ಅದು ಮೀನಖಂಡ ಪೂರ್ತಿ ಇರುವವರಿಗೆ ಮಾಡಿದ್ದು. ಕೊನೆಗೆ ಫಿಸಿಯೋಥೆರಪಿಸ್ಟ್ ಹೇಳಿದ ಅಳತೆಗೆ ಮರಗೆಲಸದವರಿಂದ ಪ್ಲೈವುಡ್ ಹಲಗೆ ಮಾಡಿಸಿದೆವು. ಹಲಗೆಯ ಅರ್ಧ ಸೀಟಿನ ದಿಂಬಿನ ಕೆಳಗೆ, ಉಳಿದದ್ದು ಆ ಕಾಲಿನ ಕಡೆ ಮುಂದಕ್ಕೆ. ಮೇಲೆ ಫೋಮ್, ಅದರ ಮೇಲೆ ರೆಕ್ಸಿನ್. ಅಪ್ಪನಿಗೆ ಇದೇ ಸರಿಹೋಯಿತು.

ಇಂಥವರ ಮನೆಯವರು ಇನ್ನೊಂದು ಗಮನಿಸಬೇಕು. ಕಾಲು ಹೋದಾಗ ಮುಂದಿನ ಭಾರ ಕಡಿಮೆಯಾಗುತ್ತದೆ, ಕುರ್ಚಿ ಹಿಂದಕ್ಕೆ ಉರುಳುವ ಅಪಾಯ ಜಾಸ್ತಿ. ಇಳಿಜಾರು ಹತ್ತಿಸುವಾಗ ಹಿಂದೆ ಒಬ್ಬರು ಇರಲೇಬೇಕು.

ಕಾಯಂ ಬೇಕಾದವರು ದುಡ್ಡು ಕೊಟ್ಟು ಕೊಳ್ಳುವ ಮುಂಚೆ ಗ್ರಾಮ ಪಂಚಾಯಿತಿಯಲ್ಲಿರುವ ವಿಆರ್‌ಡಬ್ಲ್ಯೂ (ಅಂಗವಿಕಲರ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಅವರನ್ನು ಕಾಣಿ. ತಾಲ್ಲೂಕಿಗೆ ಎಂಆರ್‌ಡಬ್ಲ್ಯೂ (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು) ಇರುತ್ತಾರೆ. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸುವುದು ಹೇಗೆ, ಸಾಧನ ಕೊಡುವ ಶಿಬಿರ ಯಾವಾಗ ಅನ್ನುವುದು ಅವರಿಗೆ ಗೊತ್ತಿರುತ್ತದೆ. ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರದ ಎಡಿಐಪಿ ಯೋಜನೆಗೆ ಶೇ. 40ರಷ್ಟಾದರೂ ಅಂಗವೈಕಲ್ಯ ಇರಬೇಕು, ಆದಾಯದ ಮಿತಿಯೂ ಇದೆ. 60 ದಾಟಿದ ಬಿಪಿಎಲ್ ಕುಟುಂಬದ ಹಿರಿಯರಿಗೆ 2017ರಲ್ಲಿ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆ ಇದೆ. ಅದರಲ್ಲೂ ವೀಲ್‌ಚೇರ್ ಕೊಡುತ್ತಾರೆ. ನಮಗೆ ಸಿಕ್ಕಿದ್ದು ಸಾದಾ ಕುರ್ಚಿ. ಅದು ಗಟ್ಟಿಯಾಗಿದೆ, ಹಲಗೆ ನಾವು ಸೇರಿಸಿಕೊಂಡೆವು. ಕೂಡಿಕೊಳ್ಳುವ ಮೂಳೆ ಮುರಿತಕ್ಕೆ ಇದರ ಹಿಂದೆ ಓಡಾಡಬೇಡಿ ಅಕ್ಕ, ಅದು ಮುಗಿಯುವಷ್ಟರಲ್ಲಿ ಅತ್ತೆ ಎದ್ದು ಓಡಾಡುತ್ತಿರುತ್ತಾರೆ.

ಚಿಂತಾಮಣಿಯಿಂದ, ಫಿಸಿಯೋಥೆರಪಿ ಮಾಡುವವರು

ತುಮಕೂರಿನ ಮೇಡಂ ಬೆನ್ನಿನ ಬಗ್ಗೆ ಹೇಳಿದ್ದು ನೂರಕ್ಕೆ ನೂರು ಸರಿ. ಅದಕ್ಕೆ ಒಂದು ಮಾತು ಸೇರಿಸುತ್ತೇನೆ. ಒರಗಿದ ಬೆನ್ನನ್ನು ಮತ್ತೆ ನೆಟ್ಟಗೆ ಮಾಡಿದಾಗ ಬಟ್ಟೆ, ಚರ್ಮ ಎರಡೂ ಎಳೆದುಕೊಂಡಿರುತ್ತವೆ. ಆಗ ಅವರನ್ನು ಹಿಡಿದುಕೊಂಡು ಒಂದು ಸಲ ಮುಂದಕ್ಕೆ ಬಾಗಿಸಿ, ಬೆನ್ನ ಹಿಂದಿನ ಬಟ್ಟೆ ಸಡಿಲ ಮಾಡಿ ಕೂರಿಸಿ.

ಲೆಗ್ ರೆಸ್ಟಿನಲ್ಲಿ ಎರಡು ಬಗೆ. ಒಂದು ಬರೀ ಮೇಲೇರುತ್ತದೆ. ಇನ್ನೊಂದು ಏರುತ್ತಾ ಏರುತ್ತಾ ಉದ್ದವೂ ಆಗುತ್ತದೆ. ಕುರ್ಚಿಯ ಕೀಲೂ ನಮ್ಮ ಮೊಣಕಾಲಿನ ಕೀಲೂ ಒಂದೇ ಜಾಗದಲ್ಲಿ ಇರುವುದಿಲ್ಲ. ಹಾಗಾಗಿ ಕಾಲು ನೇರವಾದಂತೆ ಪಾದಕ್ಕೆ ಹೆಚ್ಚು ಉದ್ದ ಬೇಕಾಗುತ್ತದೆ. ಬರೀ ಏರುವ ಬಗೆಯಲ್ಲಿ ಪಾದದ ತಟ್ಟೆ ಅಂಗಾಲನ್ನು ಒತ್ತುತ್ತದೆ, ಮೊಣಕಾಲು ಮೇಲಕ್ಕೆ ಉಬ್ಬುತ್ತದೆ. ಬಾಡಿಗೆಗೆ ಸಿಗುವುದು ಹೆಚ್ಚಾಗಿ ಈ ಬಗೆಯೇ. ಅದರಲ್ಲೂ ಹೊಂದಿಸಬಹುದು. ಕಾಲು ಏರಿಸಿದ ಸ್ಥಿತಿಯಲ್ಲೇ ತಟ್ಟೆಯ ಸ್ಕ್ರೂ ಸಡಿಲಿಸಿ, ಕಾಲಿಗೆ ಸರಿಯಾಗುವಷ್ಟು ಉದ್ದ ಬಿಡಿ. ಆದರೆ ಹಾಗೆ ಉದ್ದ ಬಿಟ್ಟಿದ್ದನ್ನು ಕೆಳಗಿಳಿಸಿದಾಗ ನೆಲಕ್ಕೆ ತಗಲುತ್ತದೆ. ತಟ್ಟೆಗೂ ನೆಲಕ್ಕೂ ನಡುವೆ ಎರಡು ಇಂಚಾದರೂ ಬೇಕು.

ನಿಮ್ಮ ಅತ್ತೆಗೆ ಸಕ್ಕರೆ ಕಾಯಿಲೆ ಇರುವುದರಿಂದ ಹಿಮ್ಮಡಿಯನ್ನು ದಿನಾ ನೋಡಿ. ಕಾಲಿನ ಭಾರ ಮೀನಖಂಡದ ಪ್ಯಾಡಿನ ಮೇಲೆ ಹರಡಿರಬೇಕು, ಹಿಮ್ಮಡಿ ಎಲ್ಲಿಗೂ ಒತ್ತಬಾರದು. ಪ್ಲಾಸ್ಟರ್ ಇಲ್ಲದ ಕಾಲಿಗೂ ಇದೇ ಮಾತು. ಆ ಕಾಲನ್ನೂ ಎತ್ತಿ ಇಡಬಹುದಾ ಅಂತ ಡಾಕ್ಟರನ್ನೇ ಕೇಳಿ. ಸಕ್ಕರೆ ಇರುವ ಕೆಲವರಿಗೆ ಕಾಲಿನ ರಕ್ತನಾಳ ಕಿರಿದಾಗಿರುತ್ತದೆ, ಎತ್ತಿದರೆ ಪಾದಕ್ಕೆ ರಕ್ತ ಕಡಿಮೆಯಾಗುತ್ತದೆ. ಹೃದಯದ ತೊಂದರೆ ಇರುವವರಿಗೆ ಕಾಲು ಎತ್ತಿದಾಗ ಉಸಿರು ಕಟ್ಟಿದಂತೆ ಆಗಬಹುದು.

ಊತ ಇಳಿಯಲಿ ಅಂತ ಕುರ್ಚಿಯನ್ನೇ ನಂಬಿ ಕೂರಬೇಡಿ. ಪಾದ ಎದೆಗಿಂತ ಮೇಲಿದ್ದಾಗ ಊತ ಚೆನ್ನಾಗಿ ಇಳಿಯುತ್ತದೆ. ಕೂತ ಕುರ್ಚಿಯಲ್ಲಿ ಅದು ಆಗುವುದಿಲ್ಲ. ಮಧ್ಯಾಹ್ನ ಮಂಚದಲ್ಲಿ ಮಲಗಿಸಿ, ಪ್ಲಾಸ್ಟರ್ ಹಾಕಿದ ಕಾಲಿನ ಕೆಳಗೆ ದಿಂಬು ಪೇರಿಸಿ, ಹಿಮ್ಮಡಿ ದಿಂಬಿನ ಅಂಚಿನಿಂದ ಆಚೆ ಇರಲಿ.

ಇದನ್ನು ಮಾತ್ರ ಮರೆಯಬೇಡಿ: ಪ್ಲಾಸ್ಟರಿನ ಕಾಲಿನ ಬೆರಳು ನೀಲಿಯಾದರೆ, ಜೋಮು ಹಿಡಿದರೆ, ಮಾತ್ರೆಗೂ ನಿಲ್ಲದ ನೋವು ಬಂದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ. ಯಾವ ಕಾಲೇ ಆಗಲಿ, ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ಮೀನಖಂಡ ನೋಯುತ್ತಿದ್ದರೆ, ಉಸಿರಾಟ ಕಷ್ಟವಾದರೆ ಆಗಲೂ ಹಾಗೆಯೇ. ರಕ್ತ ಹೆಪ್ಪುಗಟ್ಟಿರಬಹುದು. ಎಣ್ಣೆ ಹಚ್ಚಿ ತಿಕ್ಕುವುದು ಬೇಡವೇ ಬೇಡ.

ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈಗಷ್ಟೇ ಅಳತೆ ತೆಗೆದೆವು. ಬಚ್ಚಲು ಬಾಗಿಲು 23 ಇಂಚು. ಒರಗುವ ಕುರ್ಚಿ ಒಳಗೆ ಹೋಗುವುದಿಲ್ಲ. ಅಂಗಳಕ್ಕೆ ಇಳಿಯಲು ಎರಡು ಚಪ್ಪಡಿ ಮೆಟ್ಟಿಲು ಬೇರೆ. ಗಾಳಿ ತುಂಬುವ ರಿಂಗ್ ದಿಂಬು ಹಾಕಿ ಕೂರಿಸಿ ಅಂತ ಪಕ್ಕದ ಮನೆಯವರು ಹೇಳುತ್ತಿದ್ದಾರೆ. ಹಾಕಬಹುದಾ?

ಚಿಂತಾಮಣಿಯಿಂದ

ರಿಂಗ್ ಬೇಡ ಮೇಡಂ. ನಡುವಿನ ತೂತಿನ ಸುತ್ತ ಇರುವ ಅಂಚೇ ಚರ್ಮವನ್ನು ಒತ್ತುತ್ತದೆ, ಅಲ್ಲಿ ರಕ್ತ ಓಡಾಡುವುದಿಲ್ಲ. ಒಳ್ಳೆ ದಪ್ಪ ಫೋಮ್ ದಿಂಬು ಸಾಕು. ದಿಂಬು ಹಾಕಿದಾಗ ಕೂರುವ ಎತ್ತರ ಏರುತ್ತದೆ, ತಟ್ಟೆಯ ಅಳತೆಯನ್ನು ದಿಂಬಿನ ಮೇಲೆ ಕೂರಿಸಿಯೇ ಮಾಡಿ.

ಶಿರಾದಿಂದ

ಮೆಟ್ಟಿಲಿಗೆ ಹಲಗೆ ಇಟ್ಟು ಇಳಿಸುವ ಯೋಚನೆ ಬಂದರೆ ಮೊದಲು ಲೆಕ್ಕ ಹಾಕಿ. ಒಂದು ಇಂಚು ಎತ್ತರಕ್ಕೆ 12 ಇಂಚು ಉದ್ದದ ಇಳಿಜಾರು ಬೇಕು. ಎರಡು ಮೆಟ್ಟಿಲು ಸೇರಿ 14 ಇಂಚಾದರೆ 14 ಅಡಿ ಉದ್ದ. ನಮ್ಮ ಅಂಗಳದಲ್ಲಿ ಅಷ್ಟು ಜಾಗ ಇರಲಿಲ್ಲ. ಆಸ್ಪತ್ರೆಗೆ ಹೋಗುವ ದಿನ ಮಾತ್ರ ಅಜ್ಜಿಯನ್ನು ಇಬ್ಬರು ಗಟ್ಟಿಗರು ಕುರ್ಚಿ ಸಮೇತ ಹಿಡಿದು ಇಳಿಸುತ್ತಿದ್ದರು. ಹಿಡಿಯುವಾಗ ಲೆಗ್ ರೆಸ್ಟಿಗೆ, ಕೈ ಇಡುವ ಜಾಗಕ್ಕೆ ಕೈ ಹಾಕಬಾರದು. ಅವು ಕಳಚಿ ಬರುವಂಥವು. ಕುರ್ಚಿಯ ಕಬ್ಬಿಣದ ಚೌಕಟ್ಟನ್ನೇ ಹಿಡಿಯಬೇಕು.

ತುಮಕೂರಿನಿಂದ

ಹೌದು ಅಕ್ಕ, ಬಚ್ಚಲಿಗೆ ಒಯ್ಯುವ ಆಸೆ ಈಗ ಬಿಡಿ. ಕಮೋಡ್ ಕುರ್ಚಿ ಒಂದನ್ನು ಮಂಚದ ಪಕ್ಕ ಇಡಿ. ಅದು ಕಡಿಮೆ ಬೆಲೆಗೇ ಸಿಗುತ್ತದೆ. ಮುಂದೊಂದು ಸ್ಟೂಲು, ಅದರ ಮೇಲೆ ದಿಂಬು ಇಟ್ಟು ಕಾಲು ಚಾಚಿಸಿ. ಪ್ಲಾಸ್ಟರ್ ಒದ್ದೆಯಾಗಬಾರದಲ್ವಾ, ಹೇಗೂ ಬಟ್ಟೆ ಅದ್ದಿ ಮೈ ಒರೆಸುವುದೇ ಆಗುತ್ತದೆ. ಅತ್ತೆಗೆ ಮುಜುಗರ ಆಗುತ್ತದೆ. ನಮ್ಮ ಅಮ್ಮ ಎರಡು ದಿನ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು. ಒಂದು ಪರದೆ ಕಟ್ಟಿ, ಗಂಡಸರನ್ನು ಆಚೆ ಕಳಿಸಿ, ಸಮಾಧಾನ ಹೇಳಿ.

ಕುರ್ಚಿ ಮನೆಗೆ ಬಂದ ದಿನ, ತಂದವರು ಇರುವಾಗಲೇ ಎಲ್ಲ ಪರೀಕ್ಷೆ ಮಾಡಿ. ಲೆಗ್ ರೆಸ್ಟ್ ಅರ್ಧಕ್ಕೆ ಏರಿಸಿ ನಿಮ್ಮ ಕೈಯಿಂದ ಜೋರಾಗಿ ಒತ್ತಿ, ಸ್ವಲ್ಪವೂ ಕುಸಿಯಬಾರದು. ಪ್ಲಾಸ್ಟರಿನ ಕಾಲು ತುಂಬಾ ಭಾರ. ಇಳಿಸುವಾಗ ಒಂದು ಕೈ ಕಾಲಿನ ಕೆಳಗೆ ಇಟ್ಟ ಮೇಲೆಯೇ ಲಿವರ್ ಬಿಡಬೇಕು, ಅದನ್ನೂ ಅವರ ಎದುರಿಗೇ ಅಭ್ಯಾಸ ಮಾಡಿಕೊಳ್ಳಿ. ಒರಗಿಸುವ ಹಿಡಿ ಎರಡೂ ಕಡೆ ಸಮನಾಗಿ ಕೆಲಸ ಮಾಡಬೇಕು. ಬ್ರೇಕ್ ಹಾಕಿ ತಳ್ಳಿ ನೋಡಿ. ಲೆಗ್ ರೆಸ್ಟ್ ಪಕ್ಕಕ್ಕೆ ಸರಿದು ಕಳಚಿ ಬರಬೇಕು, ಕೈ ಇಡುವ ಭಾಗವೂ ಬಿಚ್ಚುವಂತಿರಬೇಕು. ಆಗ ಮಂಚದಿಂದ ಪಕ್ಕಕ್ಕೆ ಸರಿದು ಕೂರಬಹುದು. ಇಷ್ಟರಲ್ಲಿ ಒಂದು ಸರಿಯಿಲ್ಲದಿದ್ದರೂ ಸಹಿ ಹಾಕಬೇಡಿ, ಅದೇ ಗಾಡಿಯಲ್ಲಿ ವಾಪಸ್ ಕಳಿಸಿ ಬೇರೆ ತರಿಸಿಕೊಳ್ಳಿ.